ಐದೂವರೆ ಚದರದ ಮಣ್ಣಿಟ್ಟಿಗೆ ಮನೆ: ನಕ್ಷೆಯಿಂದ ಮೊದಲ ಮಳೆಯವರೆಗೆ

ಪಾಯಕ್ಕೂ ಸಂಪಿಗೂ ತೋಡಿದ ಮಣ್ಣನ್ನು ಟ್ರ್ಯಾಕ್ಟರಿಗೆ ದುಡ್ಡು ಕೊಟ್ಟು ಹೊರಗೆ ಹಾಕಿಸುತ್ತೇವೆ. ಅದಾದ ಎರಡೇ ವಾರಕ್ಕೆ ಗೋಡೆಗೆ ಇಟ್ಟಿಗೆ ಬೇಕೆಂದು ಲಾರಿ ತರಿಸುತ್ತೇವೆ. 30×40ರ ಸೈಟಿನಲ್ಲಿ ಐದೂವರೆ ಚದರದ ಮನೆ ಕಟ್ಟುವವರಿಗೆ ಈ ಎರಡು ಖರ್ಚೂ ಬೇಡ. ತೋಡಿದ ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ, ಸುಡದೆ, ಯಂತ್ರದಲ್ಲಿ ಒತ್ತಿದ ಮಣ್ಣಿಟ್ಟಿಗೆಯೇ ಗೋಡೆಯಾಗುತ್ತದೆ, ಮಿಕ್ಕ ಮಣ್ಣು ಪಾಯದೊಳಗೆ ತುಂಬಲು ಸಾಕಾಗುತ್ತದೆ. ಆದರೆ ಕೆಲಸದ ಸರದಿಯನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು, ಮಣ್ಣಿನ ಗೋಡೆಗೆ ನೀರು ತಾಗದಂತೆ ನಕ್ಷೆ ಇರಬೇಕು. ಇಲ್ಲಿ ಹೇಳಿರುವುದೆಲ್ಲ ಈ ಎರಡರ ಸುತ್ತಲೇ ಇದೆ.

ಇದು ಬೆಂಗಳೂರು, ಕೋಲಾರ, ತುಮಕೂರು, ಮೈಸೂರು, ಹಾಸನದ ಕಡೆಯ ಕೆಮ್ಮಣ್ಣಿನ ನೆಲಕ್ಕೆ ಹೇಳಿದ ಕ್ರಮ. ಗದಗ, ವಿಜಯಪುರ, ರಾಯಚೂರಿನ ಎರೆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಅದಕ್ಕೆ ಬರೀ ಸಿಮೆಂಟ್ ಸೇರಿಸಿ ಇಟ್ಟಿಗೆ ಒತ್ತಿದರೆ ನಿಲ್ಲುವುದಿಲ್ಲ, ಪಾಯವೂ ಬೇರೆ ಬಗೆಯದೇ ಬೇಕು. ಕರಾವಳಿಯಲ್ಲಿ ಕೆಂಪುಕಲ್ಲು ಕೈಗೆ ಸಿಗುವಾಗ ಮಣ್ಣಿಟ್ಟಿಗೆಗೆ ಹೋಗುವ ಅಗತ್ಯವೇ ಇಲ್ಲ.

ನಕ್ಷೆ

ಸೈಟು ಪೂರ್ವ ರಸ್ತೆಯದು ಅಂದುಕೊಳ್ಳಿ. ರಸ್ತೆಗೆ 30 ಅಡಿ, ಒಳಕ್ಕೆ 40 ಅಡಿ. ಮನೆ ಉತ್ತರ-ದಕ್ಷಿಣಕ್ಕೆ 20 ಅಡಿ, ಪೂರ್ವ-ಪಶ್ಚಿಮಕ್ಕೆ 28 ಅಡಿ, ಒಟ್ಟು 560 ಚದರ ಅಡಿ. ಮುಂದೆ 9 ಅಡಿ, ಹಿಂದೆ 3, ಉತ್ತರಕ್ಕೆ 4, ದಕ್ಷಿಣಕ್ಕೆ 6 ಅಡಿ ಖಾಲಿ. ಸೆಟ್‌ಬ್ಯಾಕ್ ನಿಯಮ ಊರಿಂದ ಊರಿಗೆ ಬೇರೆ, ಗೆರೆ ಎಳೆಯುವ ಮುನ್ನ ನಿಮ್ಮ ಪಾಲಿಕೆಯಲ್ಲೋ ಪಂಚಾಯಿತಿಯಲ್ಲೋ ಕೇಳಿ.

ಉದ್ದನೆಯ ಗೋಡೆಗಳು ಉತ್ತರಕ್ಕೂ ದಕ್ಷಿಣಕ್ಕೂ ಮುಖ ಮಾಡಿರಬೇಕು, ಗಿಡ್ಡ ಗೋಡೆಗಳು ಪೂರ್ವ ಪಶ್ಚಿಮಕ್ಕೆ. ಕಾರಣ ಸೂರ್ಯನ ಎತ್ತರ. ಬೆಂಗಳೂರಿನ ಅಕ್ಷಾಂಶದಲ್ಲಿ ಡಿಸೆಂಬರ್ ನಡುಹಗಲಿನ ಸೂರ್ಯ ದಕ್ಷಿಣದಲ್ಲಿ ಸುಮಾರು 53 ಡಿಗ್ರಿ ಎತ್ತರದಲ್ಲಿರುತ್ತಾನೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನೆತ್ತಿ ದಾಟಿ ಉತ್ತರಕ್ಕೆ ಸರಿದಿರುತ್ತಾನೆ, ಜೂನ್‌ನಲ್ಲೂ 79 ಡಿಗ್ರಿಗಿಂತ ಕೆಳಗಿಳಿಯುವುದಿಲ್ಲ. ಇಷ್ಟು ಎತ್ತರದ ಬಿಸಿಲನ್ನು ತಡೆಯಲು ಎರಡು ಅಡಿ ಸಜ್ಜ ಸಾಕು: ದಕ್ಷಿಣದ ಕಿಟಕಿಯ ಮೇಲೆ ಡಿಸೆಂಬರ್‌ನಲ್ಲೂ ಎರಡೂಮುಕ್ಕಾಲು ಅಡಿಯಷ್ಟು ನೆರಳು ಬೀಳುತ್ತದೆ. ಪಶ್ಚಿಮದ ಮಾತು ಬೇರೆ. ಬೇಸಿಗೆಯ ಸಂಜೆ ನಾಲ್ಕಕ್ಕೆ ಸೂರ್ಯ 35 ಡಿಗ್ರಿಗೆ ಇಳಿದಿರುತ್ತಾನೆ, ಅದೇ ಎರಡು ಅಡಿ ಸಜ್ಜ ಒಂದೂವರೆ ಅಡಿ ನೆರಳನ್ನೂ ಕೊಡುವುದಿಲ್ಲ. ಪಶ್ಚಿಮದ ಗೋಡೆಗೆ ದೊಡ್ಡ ಕಿಟಕಿ ಇಟ್ಟು ಆಮೇಲೆ ಎಸಿ ಹಾಕಿಸುವ ಮನೆಗಳೇ ಹೆಚ್ಚು. ನಕ್ಷೆಯಲ್ಲಿ ಮಾಡಿದ ಈ ತಪ್ಪಿಗೆ ಆಮೇಲೆ ಮದ್ದಿಲ್ಲ.

ಒಳಗೆ ಪೂರ್ವ-ಪಶ್ಚಿಮವಾಗಿ ಒಂದೇ ಉದ್ದ ಗೋಡೆ ಹಾಕಿ ಮನೆಯನ್ನು ಒಂಬತ್ತೊಂಬತ್ತು ಅಡಿಯ ಎರಡು ಪಟ್ಟಿಯಾಗಿ ಸೀಳಿ. ಉತ್ತರದ ಪಟ್ಟಿಯಲ್ಲಿ ಪೂರ್ವಕ್ಕೆ 16×9ರ ಹಾಲ್, ಅದರ ಹಿಂದೆ 10×9ರ ಚಿಕ್ಕ ಕೋಣೆ. ದಕ್ಷಿಣದ ಪಟ್ಟಿಯಲ್ಲಿ ಆಗ್ನೇಯಕ್ಕೆ 9×9ರ ಅಡುಗೆಮನೆ, ನಡುವೆ 4½×9ರ ಬಚ್ಚಲು-ಕಕ್ಕಸು, ನೈಋತ್ಯಕ್ಕೆ 12×9ರ ಮಲಗುವ ಕೋಣೆ. ಬಚ್ಚಲಿನ ಆ ಉದ್ದನೆ ಜಾಗವನ್ನು ನಡುವೆ ತಡೆ ಹಾಕಿ ಸ್ನಾನಕ್ಕೊಂದು, ಕಕ್ಕಸಿಗೊಂದು ಎಂದು ಬೇರೆ ಮಾಡಿ. ಬೆಳಿಗ್ಗೆ ನಾಲ್ಕು ಜನ ಹೊರಡುವ ಮನೆಯಲ್ಲಿ ಎರಡನೆಯ ಬಚ್ಚಲಿಗೆ ಹಣ ಸುರಿಯುವ ಬದಲು ಇದು ಸಾಕು.

ಈ ನಕ್ಷೆಯಿಂದ ಮೂರು ಅನುಕೂಲ. ಮೋಲ್ಡಿನ, ಅಂದರೆ ಕಾಂಕ್ರೀಟು ಮಾಳಿಗೆಯ, ಹರವು ಎಲ್ಲೂ ಒಂಬತ್ತು ಅಡಿ ದಾಟುವುದಿಲ್ಲ, ಕಂಬಿ ಕಡಿಮೆ. ನೀರಿನ ಪೈಪೆಲ್ಲ ದಕ್ಷಿಣದ ಒಂದೇ ಗೋಡೆಯ ಹೊರಗೆ ಬರುತ್ತದೆ, ಅಡುಗೆಮನೆಗೂ ಬಚ್ಚಲಿಗೂ ಒಂದೇ ಸಾಲು. ಸೋಲಾರ್ ಬಿಸಿನೀರು ಬಚ್ಚಲಿನ ನೇರ ಮೇಲಿಂದ ಇಳಿಯುವುದರಿಂದ ಬಿಸಿ ಬರುವವರೆಗೆ ತಣ್ಣೀರು ಹರಿಯಬಿಡುವ ಕೆಲಸ ತಪ್ಪುತ್ತದೆ. ಅಡುಗೆಮನೆ ಆಗ್ನೇಯಕ್ಕೆ ಬಂದದ್ದು ವಾಸ್ತು ಕೇಳುವವರಿಗೂ ಒಪ್ಪಿಗೆ, ಗಾಳಿಯ ಲೆಕ್ಕಕ್ಕೂ ಸರಿ. ಮಳೆಗಾಲದ ಗಾಳಿ ಪಶ್ಚಿಮ-ನೈಋತ್ಯದಿಂದ ಬೀಸುವುದರಿಂದ ಒಗ್ಗರಣೆಯ ಹೊಗೆ ಮನೆಯೊಳಗೆ ನುಗ್ಗದೆ ಹೊರಗೆ ಹೋಗುತ್ತದೆ.

ನೈಋತ್ಯದ ಮಲಗುವ ಕೋಣೆಗೆ ಮಾತ್ರ ಆರೈಕೆ ಬೇಕು. ಸಂಜೆಯ ಬಿಸಿಲೆಲ್ಲ ಆ ಗೋಡೆಗೇ ಬಡಿಯುತ್ತದೆ, ಗೋಡೆ ಕುಡಿದ ಕಾವು ರಾತ್ರಿ ಒಳಗೆ ಬರುತ್ತದೆ. ಬೀರು, ವಾರ್ಡ್‌ರೋಬ್ ಎಲ್ಲ ಪಶ್ಚಿಮದ ಗೋಡೆಗೇ ಒರಗಲಿ. ಹೊರಗೆ ಗೋಡೆಯಿಂದ ಒಂದೂವರೆ ಅಡಿ ಬಿಟ್ಟು ಕಂಬಿಯ ಚಪ್ಪರ ನಿಲ್ಲಿಸಿ ಬಸಳೆ, ಹೀರೆ, ಸೋರೆ ಯಾವುದನ್ನಾದರೂ ಹಬ್ಬಿಸಿ. ಬಳ್ಳಿ ಗೋಡೆಗೇ ಅಂಟಿ ಹತ್ತಬಾರದು, ಬೇರು ಸಂದಿಗೆ ಇಳಿಯುತ್ತದೆ, ಗೋಡೆ ತೇವ ಆರುವುದಿಲ್ಲ. ಮರ ನೆಡಲು ಜಾಗವಿರುವ ಸೈಟಾದರೆ ಪಶ್ಚಿಮಕ್ಕೆ ಹೊಂಗೆ. ಯುಗಾದಿಯ ಹೊತ್ತಿಗೆ ಹೊಸ ಎಲೆ ತುಂಬಿಕೊಂಡು, ನೆರಳು ಅತಿ ಬೇಕಾದ ತಿಂಗಳಲ್ಲೇ ದಟ್ಟವಾಗಿರುತ್ತದೆ.

ಕಿಟಕಿಯ ಒಟ್ಟು ಅಳತೆ ನೆಲದ ಅಳತೆಯ ಶೇ. 15ರಷ್ಟಿರಲಿ. ಸೊಳ್ಳೆಪರದೆ ಹಾಕದೆ ವಿಧಿಯಿಲ್ಲ, ಅದು ಗಾಳಿಯನ್ನು ಚೆನ್ನಾಗಿಯೇ ತಡೆಯುತ್ತದೆ, ಹಾಗಾಗಿ ಕಿಟಕಿಯಲ್ಲಿ ಜಿಪುಣತನ ಬೇಡ. ಒಳಗಿನ ಪ್ರತಿ ಬಾಗಿಲ ಮೇಲೂ ಒಂದಡಿ ಎತ್ತರದ ಗಾಳಿಕಿಂಡಿ ಬಿಡಿ. ಬಾಗಿಲು ಹಾಕಿಕೊಂಡು ಮಲಗಿದರೂ ಗಾಳಿ ಕೋಣೆಯಿಂದ ಕೋಣೆಗೆ ಓಡಾಡಬೇಕು.

ಮೇಲೆ ಇನ್ನೊಂದು ಮಹಡಿ ಏರಿಸುವ ಯೋಚನೆ ಇದ್ದರೆ ಈಗಲೇ ಇಂಜಿನಿಯರಿಗೆ ಹೇಳಿ. ಪಾಯವನ್ನೂ ಮೆಟ್ಟಿಲ ಜಾಗವನ್ನೂ ಆಮೇಲೆ ಹುಟ್ಟಿಸಲು ಬರುವುದಿಲ್ಲ.

ಮಣ್ಣಿನ ಲೆಕ್ಕ

ಹೊರಗೋಡೆ 96 ಅಡಿ, ಒಳಗೋಡೆ 54 ಅಡಿ, ಒಟ್ಟು 150 ಅಡಿ. ಬಚ್ಚಲಿನ ಎರಡು ಪಕ್ಕದ ಗೋಡೆ, ಅಂದರೆ 18 ಅಡಿಯನ್ನು ಸುಟ್ಟ ಇಟ್ಟಿಗೆಯಲ್ಲೇ ಕಟ್ಟಿ. ಉಳಿದ 132 ಅಡಿ ಮಣ್ಣಿಟ್ಟಿಗೆ. ಎತ್ತರ ಒಂಬತ್ತೂವರೆ ಅಡಿ ಹಿಡಿದು, ಬಾಗಿಲು ಕಿಟಕಿ ಕಳೆದರೆ ಸುಮಾರು 95 ಚದರ ಮೀಟರ್ ಗೋಡೆ. 230×190×100 ಮಿ.ಮೀ. ಇಟ್ಟಿಗೆಯಲ್ಲಿ 190 ಮಿ.ಮೀ. ದಪ್ಪದ ಗೋಡೆಗೆ ಚದರ ಮೀಟರಿಗೆ 37 ಇಟ್ಟಿಗೆ ಹಿಡಿಯುತ್ತದೆ. ಒಡೆದುಹೋಗುವುದಕ್ಕೆ ಶೇ. 5 ಸೇರಿಸಿದರೆ 3,700 ಇಟ್ಟಿಗೆ. ಒಂದೊಂದು ಎಂಟು ಕೆಜಿ, ಒಟ್ಟು ಮೂವತ್ತು ಟನ್ ಹತ್ತಿರ.

ಪಾಯಕ್ಕೆ ಎರಡೂವರೆ ಅಡಿ ಅಗಲ, ಮೂರೂವರೆ ಅಡಿ ಆಳ ತೋಡಿದರೆ 1,300 ಘನ ಅಡಿ ಮಣ್ಣು. ಹತ್ತು ಸಾವಿರ ಲೀಟರಿನ ಸಂಪಿಗೆ 600 ಚಿಲ್ಲರೆ. ಮೇಲಿನ ಒಂದಡಿಯ ಮಣ್ಣಿನಲ್ಲಿ ಬೇರು, ಗೊಬ್ಬರದ ಅಂಶ ಇರುತ್ತದೆ, ಇಟ್ಟಿಗೆಗೆ ಆಗದು. ಅದನ್ನು ಬೇರೆ ಗುಡ್ಡೆ ಹಾಕಿ ಗಿಡಗಳಿಗೆ ಇಟ್ಟುಕೊಳ್ಳಿ. ಮನೆಯೊಳಗೆ ಒಂದೂವರೆ ಅಡಿ ತುಂಬಲು 800 ಘನ ಅಡಿ ಹೋದರೂ ಇಟ್ಟಿಗೆಗೆ 500 ಘನ ಅಡಿಗಿಂತ ಹೆಚ್ಚು ಉಳಿಯುತ್ತದೆ. ಜಲ್ಲಿಪುಡಿ ಬೆರೆಸುವ ಕಾರಣ ಅಷ್ಟು ಸಾಕು.

ಯಾವುದು ಮೊದಲು

ಸಂಪು ಮೊದಲು, ಪಾಯ ಆಮೇಲೆ. ಸಂಪನ್ನು ಮುಂದಿನ ಒಂಬತ್ತು ಅಡಿ ಜಾಗದಲ್ಲಿ ಒಳ ಅಳತೆ 16×4½ ಅಡಿ, ನೀರಿನ ಆಳ 5 ಅಡಿ ಇಟ್ಟು ತೋಡಿ. ಇದು ಹತ್ತು ಸಾವಿರ ಲೀಟರ್. ಆಳ ಹೆಚ್ಚಿಸಿ ಅಗಲ ಕಡಿಮೆ ಮಾಡಲು ಹೋಗಬೇಡಿ. ಸಂಪಿನ ತಳ ಪಾಯದ ತಳಕ್ಕಿಂತ ಎಷ್ಟು ಕೆಳಗಿದೆಯೋ, ಕನಿಷ್ಠ ಅಷ್ಟು ದೂರ ಪಾಯದಿಂದ ಅಡ್ಡಕ್ಕೆ ಇರಬೇಕು. ಇಲ್ಲದಿದ್ದರೆ ಪಾಯದ ಕೆಳಗಿನ ಮಣ್ಣು ಸಂಪಿನ ಕಡೆ ಜಾರುತ್ತದೆ, ಮುಂದಿನ ಗೋಡೆ ಮೂಲೆಯಿಂದ ಬಿರುಕು ಬಿಡುತ್ತದೆ. ಸಂಪು ಮೊದಲು ಮುಗಿದರೆ ಇಟ್ಟಿಗೆಗೂ ಕ್ಯೂರಿಂಗಿಗೂ ನೀರಿನ ಟ್ಯಾಂಕ್ ಆಗಲೇ ಸಿದ್ಧ.

ಪಾಯ ಸೈಜುಗಲ್ಲಿನದು. ಗಟ್ಟಿ ನೆಲ ಸಿಗುವವರೆಗೆ ತೋಡಿ, ನಾಲ್ಕಿಂಚು ಜಲ್ಲಿ ಕಾಂಕ್ರೀಟು ಹಾಸಿ, ಮೇಲೆ ಮೆಟ್ಟಿಲಾಗಿ ಕಿರಿದಾಗುತ್ತ ಬರುವ ಕಲ್ಲು ಕಟ್ಟಡ. ನೆಲಮಟ್ಟದಿಂದ ಒಂದೂವರೆ ಅಡಿ ಕಲ್ಲೇ ಕಾಣುತ್ತಿರಬೇಕು. ಇದರಲ್ಲಿ ಇಂಚೂ ಬಿಟ್ಟುಕೊಡಬೇಡಿ. ನೆಲಕ್ಕೆ ಬಡಿದ ಮಳೆಹನಿ ಎಗರಿ ಗೋಡೆಗೆ ಸಿಡಿಯುವುದು ಒಂದಡಿಯವರೆಗೆ, ಆ ಎತ್ತರದಲ್ಲಿ ಕಲ್ಲಿದ್ದರೆ ಮಣ್ಣಿಟ್ಟಿಗೆಗೆ ನೋವಿಲ್ಲ. ಕಲ್ಲಿನ ಮೇಲೆ ಸುತ್ತಲೂ ಕಂಬಿ ಕಟ್ಟಿದ ಪ್ಲಿಂತ್ ಬೀಮ್. ಅದು ಗೋಡೆಯನ್ನು ಕಟ್ಟಿಹಿಡಿಯುತ್ತದೆ, ನೆಲದ ತೇವ ಮೇಲೇರದಂತೆ ತಡೆಯುತ್ತದೆ.

ಒಳಗೆ ಮಣ್ಣು ತುಂಬಿ ದಿಮ್ಮಸು ಹೊಡೆದ ಮೇಲೆ ಆ 560 ಅಡಿ ಮಟ್ಟಸ ಜಾಗವೇ ನಿಮ್ಮ ಇಟ್ಟಿಗೆ ಕಾರ್ಖಾನೆ. ಇಕ್ಕಟ್ಟಾದ ಸೈಟಿನಲ್ಲಿ ಯಂತ್ರ ಎಲ್ಲಿಡುವುದು, ಇಟ್ಟಿಗೆ ಎಲ್ಲಿ ಒಟ್ಟುವುದು ಎಂಬ ಪ್ರಶ್ನೆಗೆ ಉತ್ತರ ಇದು. ಮೇಲೆ ಶೇಡ್ ನೆಟ್ ಕಟ್ಟಿ, ಮಳೆಗಾಲವಾದರೆ ಟಾರ್ಪಾಲು.

ಇಟ್ಟಿಗೆ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರ ಈ ಇಟ್ಟಿಗೆಯ ಅಳತೆ, ಬೆರಕೆ, ಕೈಯಿಂದ ಒತ್ತುವ ಯಂತ್ರ ಎಲ್ಲದರ ಮೇಲೂ ದಶಕಗಳ ಕೆಲಸ ಮಾಡಿದೆ. ಬೆಂಗಳೂರಿನಲ್ಲಿ ಈ ಇಟ್ಟಿಗೆಯ ಮನೆಗಳು ಅನೇಕ ಇವೆ. ಗೂಡಿನಲ್ಲಿ ಸುಡುವ ಕೆಲಸವೇ ಇಲ್ಲದ್ದರಿಂದ ಸೌದೆ, ಕಲ್ಲಿದ್ದಲು ಉಳಿಯುತ್ತದೆ.

ಮೊದಲು ಮಣ್ಣಿನ ಪರೀಕ್ಷೆ. ನೇರ ಗೋಡೆಯ ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಮಣ್ಣು, ಚಿಟಿಕೆ ಉಪ್ಪು, ಮೇಲೆ ನೀರು ಹಾಕಿ ಚೆನ್ನಾಗಿ ಕುಲುಕಿ ಇಡಿ. ಒಂದು ನಿಮಿಷದಲ್ಲಿ ತಳಕ್ಕೆ ಕೂರುವುದು ಮರಳು, ಅಲ್ಲಿ ಗೆರೆ ಹಾಕಿ. ಮುಕ್ಕಾಲು ಗಂಟೆಯಲ್ಲಿ ಅದರ ಮೇಲೆ ಕೂರುವುದು ನಯವಾದ ಧೂಳುಮಣ್ಣು, ಇನ್ನೊಂದು ಗೆರೆ. ಮಾರನೆಯ ದಿನ ನೀರು ತಿಳಿಯಾದಾಗ ಮೇಲಿನ ಪದರ ಜೇಡಿ. ಒಟ್ಟು 9 ಸೆಂ.ಮೀ.ಯಲ್ಲಿ ಮರಳು 4.5, ಜೇಡಿ 2.5 ಬಂತು ಎಂದರೆ ಜೇಡಿ ಶೇ. 28, ತೀರಾ ಹೆಚ್ಚು. ನಮಗೆ ಬೇಕಾದದ್ದು ಮರಳು ಶೇ. 65ರ ಮೇಲೆ, ಜೇಡಿ 10ರಿಂದ 15. ಈ ಮಣ್ಣಿಗೆ ಸಮಪಾಲು ಜಲ್ಲಿಪುಡಿ ಬೆರೆಸಿದರೆ ಜೇಡಿ 14ಕ್ಕೆ ಇಳಿಯುತ್ತದೆ. ಜೇಡಿ ನೀರಲ್ಲಿ ಉಬ್ಬಿರುವುದರಿಂದ ಬಾಟಲಿ ತೋರಿಸುವುದು ನಿಜಕ್ಕಿಂತ ಸ್ವಲ್ಪ ಹೆಚ್ಚು. ಆದರೆ ಆ ಕಡೆಗೆ ತಪ್ಪಿದರೆ ಚಿಂತೆಯಿಲ್ಲ. ಜೇಡಿ ಹೆಚ್ಚಾದ ಇಟ್ಟಿಗೆ ಒತ್ತುವಾಗ ಕಲ್ಲಿನಂತೆ ಕಾಣುತ್ತದೆ, ಒಣಗುವಾಗ ಕೂದಲೆಳೆಯ ಬಿರುಕು ಬಿಡುತ್ತದೆ. ಜೇಡಿ ತೀರಾ ಕಡಿಮೆಯಾದರೆ ಅಚ್ಚಿನಿಂದ ಎತ್ತುವಾಗಲೇ ಮೂಲೆ ಉದುರುತ್ತದೆ.

ಮಣ್ಣನ್ನು 5 ಮಿ.ಮೀ. ಜರಡಿಯಲ್ಲಿ ಸೋಸಿ. ಸಿಮೆಂಟ್ ಶೇ. 7. ಒಂದು ಮೂಟೆಗೆ ಸುಮಾರು 95 ಇಟ್ಟಿಗೆ, ಇಡೀ ಮನೆಗೆ 40 ಮೂಟೆ. ಆದರೆ ಒಂದೇ ಸಲ ಮೂಟೆ ಪೂರ್ತಿ ಕಲಸಬೇಡಿ. ನೀರು ತಾಗಿದ ಸಿಮೆಂಟು ಬಿಗಿಯಲು ಶುರುವಾಗುತ್ತದೆ, ಕಲಸಿದ ಮಣ್ಣು ಒಂದು ಗಂಟೆಯೊಳಗೆ ಯಂತ್ರ ಸೇರಬೇಕು. ಕೈಯಂತ್ರದಲ್ಲಿ ಆರೇಳು ಜನರ ತಂಡ ದಿನಕ್ಕೆ 400ರಿಂದ 500 ಒತ್ತುತ್ತದೆ, ಅಂದರೆ ಗಂಟೆಗೆ ಐವತ್ತೈದು ಅರವತ್ತು. ಅರ್ಧ ಮೂಟೆ ಸಿಮೆಂಟಿಗೆ 350 ಕೆಜಿ ಒಣಮಣ್ಣು ಕಲಸಿದರೆ 47 ಇಟ್ಟಿಗೆಯಾಗುತ್ತದೆ, ಗಂಟೆ ತುಂಬುವ ಮೊದಲೇ ಗುಡ್ಡೆ ಖಾಲಿ. ಮಧ್ಯಾಹ್ನದ ಊಟಕ್ಕೆ ಮುಂಚೆ ಕಲಸಿಟ್ಟು ಊಟ ಮುಗಿಸಿ ಬಂದು ಒತ್ತಿದ ಇಟ್ಟಿಗೆಗಳು ನೋಡಲು ಉಳಿದವುಗಳಂತೆಯೇ ಇರುತ್ತವೆ, ನೆನೆಸಿದಾಗ ಗೊತ್ತಾಗುತ್ತದೆ.

ಬಣ್ಣ ಒಂದೇ ಸಮ ಬರುವವರೆಗೆ ಒಣದಾಗಿಯೇ ಕಲಸಿ, ಆಮೇಲೆ ನೀರು ಚಿಮುಕಿಸಿ. ಸುರಿಯಬೇಡಿ, ಗಂಟಾಗುತ್ತದೆ. ನೀರು ಎಷ್ಟೆಂದು ಕೈ ಹೇಳುತ್ತದೆ: ಮುಷ್ಟಿಯಲ್ಲಿ ಹಿಡಿದು ಒತ್ತಿದರೆ ಉಂಡೆ ನಿಲ್ಲಬೇಕು, ಅಂಗೈಗೆ ಅಂಟಬಾರದು. ಎದೆಯ ಎತ್ತರದಿಂದ ಗಟ್ಟಿ ನೆಲಕ್ಕೆ ಬಿಟ್ಟಾಗ ನಾಲ್ಕೈದು ಚೂರಾದರೆ ಸರಿ. ಪುಡಿಪುಡಿಯಾದರೆ ನೀರು ಸಾಲದು, ಮುದ್ದೆಯಾಗಿ ಚಪ್ಪಟೆಯಾದರೆ ಹೆಚ್ಚು.

ಅಚ್ಚಿಗೆ ಹಾಕುವ ಮಣ್ಣನ್ನು ಪ್ರತಿ ಸಲ ತಕ್ಕಡಿಯಲ್ಲಿ ತೂಗಿಯೇ ಹಾಕಿ, 8.7ರಿಂದ 8.9 ಕೆಜಿ. ಕೈಯಂದಾಜಿನಲ್ಲಿ ಹಾಕಿದರೆ ಸಂಜೆಯ ಹೊತ್ತಿಗೆ ಕೈ ಸೋತು ತೂಕ ಇಳಿಯುತ್ತದೆ, ಇಟ್ಟಿಗೆಯ ಗಟ್ಟಿತನ ತೂಕದ ಮೇಲೇ ನಿಂತಿದೆ. ಸಿಮೆಂಟಿನಲ್ಲಿ ಉಳಿಸುವುದಕ್ಕಿಂತ ಈ ತಕ್ಕಡಿಯ ಶಿಸ್ತಿನಲ್ಲಿ ಲಾಭ ಹೆಚ್ಚು.

ಒತ್ತಿದ ದಿನ ಪ್ಲಾಸ್ಟಿಕ್ ಹೊದಿಸಿಡಿ. ಮಾರನೆ ದಿನ ಐದಾರು ಸಾಲು ಎತ್ತರಕ್ಕೆ ಒಟ್ಟಿ, ಗೋಣಿಚೀಲ ಹೊದಿಸಿ, ದಿನಕ್ಕೆ ಮೂರು ಸಲ ನೀರು ಚಿಮುಕಿಸಿ, 28 ದಿನ. ಚೀಲ ಒಣಗಿದ್ದರೆ ಆ ದಿನದ ಕ್ಯೂರಿಂಗ್ ಲೆಕ್ಕಕ್ಕಿಲ್ಲ. ಆಮೇಲೆ ಪ್ರತಿ ದಿನದ ಒಟ್ಟಿಲಿನಿಂದ ಒಂದನ್ನು ತೆಗೆದು ಎರಡು ದಿನ ಬಕೆಟಿನಲ್ಲಿ ಮುಳುಗಿಸಿ. ತೆಗೆದಾಗ ಅಂಚು ಚೂಪಾಗಿರಬೇಕು, ಬೆರಳಿಂದ ಉಜ್ಜಿದರೆ ಕೆಸರು ಬರಬಾರದು. ಹತ್ತಿರದ ಇಂಜಿನಿಯರಿಂಗ್ ಕಾಲೇಜಿನಲ್ಲಿ ನೀರಲ್ಲಿ ನೆನೆದ ಇಟ್ಟಿಗೆಯನ್ನೇ ಒತ್ತಿಸಿ ನೋಡಿ, 3.5 ಮೆಗಾಪಾಸ್ಕಲ್‌ಗಿಂತ ಕಡಿಮೆ ಬಂದ ದಿನದ ಇಟ್ಟಿಗೆ ಗೋಡೆಗೆ ಬೇಡ, ಕಾಂಪೌಂಡಿನ ಒಳಗಿನ ದಾರಿಗೆ ಹಾಸಿ. ಒಣಗಿದ ಇಟ್ಟಿಗೆಯ ಬಲ ನೋಡಿ ನೆಮ್ಮದಿಯಾಗಿರಬೇಡಿ, ಒದ್ದೆಯಾದಾಗ ಅದು ಬಹಳ ಇಳಿಯುತ್ತದೆ.

ಗೋಡೆ

ಗಾರೆ ಇಟ್ಟಿಗೆಗಿಂತ ಗಟ್ಟಿಯಾಗಿರಬಾರದು. ಸಿಮೆಂಟ್ 1, ಸೋಸಿದ ಕೆಮ್ಮಣ್ಣು 2, ಮರಳು 6. ಬರೀ ಸಿಮೆಂಟು-ಮರಳಿನ ಗಾರೆ ಬಿರುಸು, ನೀರನ್ನು ಇಟ್ಟಿಗೆ ಬೇಗ ಎಳೆದುಕೊಂಡು ಅಂಟು ತಪ್ಪುತ್ತದೆ. ಮಣ್ಣು ಸೇರಿದ ಗಾರೆ ನೀರು ಹಿಡಿದಿಟ್ಟುಕೊಳ್ಳುತ್ತದೆ, ಗೋಡೆಯ ಬಣ್ಣಕ್ಕೂ ಹೊಂದುತ್ತದೆ. ಇಟ್ಟಿಗೆಯನ್ನು ಇಡುವ ಮುನ್ನ ನೀರಲ್ಲಿ ಅದ್ದಿ ತೆಗೆಯಿರಿ. ದಿನಕ್ಕೆ ನಾಲ್ಕು ಅಡಿಗಿಂತ ಎತ್ತರ ಏರಿಸಬೇಡಿ. ಬಾಗಿಲು ಕಿಟಕಿಯ ತಲೆಯ ಮೇಲೆ ಬರುವ ಲಿಂಟಲ್ ಮಟ್ಟದಲ್ಲಿ ಸುತ್ತಲೂ, ಒಳಗೋಡೆ ಸೇರಿದಂತೆ, ಮೂರಿಂಚು ಕಾಂಕ್ರೀಟಿನ ಪಟ್ಟಿ ಎಳೆಯಿರಿ, ಒಳಗೆ 8 ಮಿ.ಮೀ. ಕಂಬಿ ಎರಡು. ಕಿಟಕಿಗೊಂದು ಬಾಗಿಲಿಗೊಂದು ಬಿಡಿ ಲಿಂಟಲ್ ಹಾಕಿ ಉಳಿಸುವ ಹಣ ಮೂಲೆಯ ಬಿರುಕಿನಲ್ಲಿ ಹೋಗುತ್ತದೆ.

ಕರೆಂಟಿನ ಪೈಪು ಎಲ್ಲೆಲ್ಲಿ ಎಂದು ಗೋಡೆ ಏಳುವ ಮೊದಲೇ ಚಿತ್ರ ಬರೆದು ಮೇಸ್ತ್ರಿಯ ಕೈಗೆ ಕೊಡಿ. ಕಟ್ಟಿದ ಮೇಲೆ ಗೋಡೆ ಕೊರೆದರೆ ಇಟ್ಟಿಗೆ ಸಡಿಲವಾಗುತ್ತದೆ, ತೇಪೆ ಎದ್ದು ಕಾಣುತ್ತದೆ. ನೀರಿನ ಪೈಪನ್ನಂತೂ ಗೋಡೆಯೊಳಗೆ ಹೂಳಲೇಬೇಡಿ. ಸಣ್ಣ ಸೋರಿಕೆ ಆರು ತಿಂಗಳು ಕಾಣದೆ ಮಣ್ಣನ್ನು ಮೆತ್ತಗೆ ಮಾಡುತ್ತಿರುತ್ತದೆ. ದಕ್ಷಿಣದ ಗೋಡೆಯ ಹೊರಗೆ ಕ್ಲ್ಯಾಂಪ್ ಹೊಡೆದು ಕಾಣುವಂತೆಯೇ ಇರಲಿ.

ಹೊರಗೋಡೆಗೆ ಪ್ಲಾಸ್ಟರ್ ಬೇಡ. ಇಟ್ಟಿಗೆಯ ಸಂದಿಗಳಿಗೆ ಮಾತ್ರ ಗಾರೆ ತುಂಬಿ ಪಾಯಿಂಟಿಂಗ್ ಮಾಡಿ ಬಿಡಿ. ಮಣ್ಣಿನ ಮೇಲೆ ಬಿರುಸು ಸಿಮೆಂಟಿನ ಪದರ ಹಾಕಿದರೆ ಅದು ಕೂದಲಬಿರುಕು ಬಿಡುತ್ತದೆ, ಬಿರುಕಲ್ಲಿ ಒಳಹೋದ ನೀರು ಹೊರಬರಲು ದಾರಿ ಸಿಗದೆ ಹಿಂದೆಯೇ ನಿಲ್ಲುತ್ತದೆ.

ಹೆಂಚಿನ ಮೋಲ್ಡ್

ಮೋಲ್ಡಿನ ಕೆಳಭಾಗದ ಕಾಂಕ್ರೀಟು ಭಾರ ಹೊರುವುದಿಲ್ಲ, ಅಲ್ಲಿ ಎಳೆತ ತಡೆಯುವುದು ಕಂಬಿ. ಆ ಕಾಂಕ್ರೀಟಿನ ಒಂದಷ್ಟನ್ನು ತೆಗೆದು ಮಂಗಳೂರು ಹೆಂಚು ಇಟ್ಟರೆ ಸಿಮೆಂಟೂ ಉಳಿಯುತ್ತದೆ, ಭಾರವೂ ಇಳಿಯುತ್ತದೆ. ಕೇರಳದಲ್ಲಿ ಲಾರಿ ಬೇಕರ್ ಬಳಸಿ ಹೆಸರು ಮಾಡಿದ ಕ್ರಮ ಇದು. ನಮ್ಮ 560 ಅಡಿಗೆ ಐದಿಂಚು ಮೋಲ್ಡ್ ಎಂದರೆ ಆರೂವರೆ ಘನ ಮೀಟರ್, 52 ಮೂಟೆ ಸಿಮೆಂಟು. ಐದನೇ ಒಂದು ಪಾಲು ಹೆಂಚು ಹಿಡಿದರೆ ಹತ್ತು ಮೂಟೆ ಉಳಿತಾಯ. ಹಳೆಯ ಮನೆ ಕೆಡವಿದ ಹೆಂಚಾದರೂ ನಡೆಯುತ್ತದೆ, ಪಾಚಿ ಉಜ್ಜಿ ತೊಳೆದಿರಬೇಕು.

ಸೆಂಟ್ರಿಂಗ್, ಅಂದರೆ ಕಾಂಕ್ರೀಟು ಹೊರಲು ಕಟ್ಟಿದ ಆಸರೆಯ ಮೇಲೆ ಎರಡೆರಡು ಹೆಂಚನ್ನು ಒಂದರ ಮೇಲೊಂದು ಮಗುಚಿಟ್ಟು, ಜೋಡಿಗಳ ನಡುವೆ ನಾಲ್ಕಿಂಚು ಬಿಡಿ. ಆ ಸಾಲುಗಳಲ್ಲಿ ಕಂಬಿ ಓಡುತ್ತದೆ. ಕಂಬಿಯ ದಪ್ಪ, ಸಂಖ್ಯೆ ಇಂಜಿನಿಯರ್ ಕೊಟ್ಟ ಲೆಕ್ಕವೇ ಆಗಬೇಕು, ಮೇಸ್ತ್ರಿಯ ರೂಢಿಯಲ್ಲ. ಗೋಡೆಯ ಹತ್ತಿರ ಒಂದಡಿ ಹೆಂಚಿಡದೆ ಗಟ್ಟಿ ಕಾಂಕ್ರೀಟು ಬಿಡಿ. ನಡುಗೋಡೆಯ ಎರಡೂ ಪಕ್ಕ ಇನ್ನೂ ಹೆಚ್ಚು, ಎರಡು ಅಡಿ. ಅಲ್ಲಿ ಮೋಲ್ಡ್ ಗೋಡೆಯ ಮೇಲೆ ಹಾದುಹೋಗುವುದರಿಂದ ಎಳೆತ ಮೇಲ್ಭಾಗಕ್ಕೆ ಬರುತ್ತದೆ, ಒತ್ತಡ ತಿನ್ನುವುದು ಕೆಳಗಿನ ಕಾಂಕ್ರೀಟು. ಮೇಲೆ ಹೆಚ್ಚುವರಿ ಕಂಬಿಯೂ ಬೇಕು. ಇದೇ ಕಾರಣಕ್ಕೆ ಸಜ್ಜ, ಬಾಲ್ಕನಿಯಲ್ಲಿ ಹೆಂಚು ಇಡಲೇಬಾರದು.

ಕಾಂಕ್ರೀಟು ಹಾಕುವ ಮುನ್ನ ಹೆಂಚು ಚೆನ್ನಾಗಿ ನೆನೆದಿರಬೇಕು. ಒಣಹೆಂಚು ಕಾಂಕ್ರೀಟಿನ ನೀರನ್ನೆಲ್ಲ ಹೀರಿ ಸುತ್ತಲಿನ ಪದರವನ್ನು ಪುಡಿಯಾಗಿಸುತ್ತದೆ. ಕರೆಂಟಿನ ಪೈಪು ಹೆಂಚಿನ ನಡುವಿನ ಸಾಲಲ್ಲೇ ಹೋಗಲಿ, ಫ್ಯಾನಿನ ಬಾಕ್ಸಿಗೆ ಒಂದು ಜೋಡಿ ಹೆಂಚಿನ ಜಾಗ ಖಾಲಿ ಬಿಡಿ. ಕಾಂಕ್ರೀಟು ಸುರಿಯುವಾಗ ಹೆಂಚಿನ ಮೇಲೆ ಕಾಲಿಡದಂತೆ ಹಲಗೆ ಹಾಸಿ ನಡೆಯಲಿ. ಹದಿನಾಲ್ಕು ದಿನ ಸೆಂಟ್ರಿಂಗ್ ಬಿಚ್ಚಬೇಡಿ. ಬಿಚ್ಚಿದಾಗ ಕೆಳಗೆ ಕೆಂಪು ಹೆಂಚಿನ ಸಾಲು ಕಾಣುತ್ತದೆ, ಹಾಗೇ ಬಿಟ್ಟರೆ ಪ್ಲಾಸ್ಟರಿನ ಖರ್ಚೂ ಇಲ್ಲ.

ಒಂದಂತಸ್ತಿನ ಮನೆಗೆ ಬಿಸಿ ಬರುವುದು ಹೆಚ್ಚಾಗಿ ತಲೆಯ ಮೇಲಿಂದಲೇ. ಮೋಲ್ಡಿನ ಮೇಲೆ ನೂರಕ್ಕೆ ಒಂದರ ಇಳಿಜಾರು ಕೊಟ್ಟು, ಒಡೆದ ಬಿಳಿ ಟೈಲ್ಸಿನ ಚೂರು ಹಾಸಿ. ಬಿಸಿಲು ಹಿಂದಕ್ಕೆ ಚಿಮ್ಮುತ್ತದೆ, ನೀರು ನಿಲ್ಲದೆ ಇಳಿಯುತ್ತದೆ. ನೆಲಕ್ಕೆ ಶಹಾಬಾದ್ ಕಲ್ಲು ಸಾಕು, ಬರಿಗಾಲಿಗೆ ತಂಪು.

ನೀರು, ಬೆಳಕು

ಒಂದು ಚದರ ಮೀಟರಿನ ಮೇಲೆ ಒಂದು ಮಿ.ಮೀ. ಮಳೆ ಎಂದರೆ ಒಂದು ಲೀಟರ್. 52 ಚದರ ಮೀಟರ್ ಮಾಳಿಗೆ, ಬೆಂಗಳೂರಿನ 950 ಮಿ.ಮೀ. ಮಳೆ, ಶೇ. 15 ನಷ್ಟ ಕಳೆದರೆ ವರ್ಷಕ್ಕೆ 42,000 ಲೀಟರ್. ನಾಲ್ಕು ಜನ ದಿನಕ್ಕೆ ತಲಾ 90 ಲೀಟರ್ ಬಳಸಿದರೂ ವರ್ಷಕ್ಕೆ 1,31,000 ಬೇಕು. ಹಾಗಾಗಿ ಮಳೆನೀರು ಮೂರನೇ ಒಂದು ಪಾಲಿನಷ್ಟು ಕೊಡುತ್ತದೆ, ಇಡೀ ವರ್ಷಕ್ಕೆ ಸಾಕಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಟ್ಯಾಂಕರ್ ಕರೆಯುವುದನ್ನು ಸಾಕಷ್ಟು ಕಡಿಮೆ ಮಾಡುತ್ತದೆ.

ಮೊದಲ ಒಂದೂವರೆ ಮಿ.ಮೀ. ಮಳೆ ಮಾಳಿಗೆಯ ಧೂಳು, ಹಕ್ಕಿ ಹಿಕ್ಕೆ ತೊಳೆದು ತರುತ್ತದೆ, ಅದು 80 ಲೀಟರ್. ಇಳಿಪೈಪಿನ ಬುಡದಲ್ಲಿ ನೂರು ಲೀಟರಿನ ಡ್ರಮ್ ಇಟ್ಟು, ಅದು ತುಂಬಿದ ಮೇಲಷ್ಟೇ ನೀರು ಫಿಲ್ಟರಿಗೆ ಹೋಗುವಂತೆ ಮಾಡಿ. ಡ್ರಮ್ಮಿನ ತಳದ ನಲ್ಲಿಯನ್ನು ಸಣ್ಣಗೆ ತೊಟ್ಟಿಕ್ಕುವಂತೆ ಬಿಟ್ಟಿರಿ, ಇಲ್ಲದಿದ್ದರೆ ಮುಂದಿನ ಮಳೆಗೆ ಡ್ರಮ್ ತುಂಬಿಯೇ ಇರುತ್ತದೆ, ಕೊಳೆ ನೇರ ಸಂಪಿಗೆ. ದೊಡ್ಡ ಸೈಟಾದರೆ ಸಂಪು ತುಂಬಿ ಮಿಕ್ಕದ್ದು ಪಾಯದಿಂದ ಹತ್ತು ಅಡಿ ದೂರದ ಇಂಗುಬಾವಿಗೆ ಹೋಗಲಿ. ಈ ಸೈಟಿನಲ್ಲಿ ಅಷ್ಟು ದೂರ ಸಿಗುವುದಿಲ್ಲ, ಮುಂದಿನ ರಸ್ತೆಬದಿ ಚರಂಡಿಗೆ ಬಿಡುವುದೇ ಸರಿ. ಪಾಯದ ಬುಡಕ್ಕೆ ನೀರು ಇಂಗಿಸುವುದು ಯಾವ ಲಾಭಕ್ಕೂ ಯೋಗ್ಯವಲ್ಲ.

ಸ್ನಾನದ, ಬಟ್ಟೆ ಒಗೆದ ನೀರನ್ನು ದಕ್ಷಿಣದ ಆರಡಿ ಜಾಗದಲ್ಲಿ ಕಾಂಪೌಂಡಿನ ಪಕ್ಕ ನೆಟ್ಟ ಬಾಳೆ, ಕೆಸುವಿಗೆ ಬಿಡಿ. ಒಂದು ದಿನಕ್ಕಿಂತ ಹೆಚ್ಚು ಕೂಡಿಟ್ಟರೆ ನಾರುತ್ತದೆ. ಅಡುಗೆಮನೆಯ ಜಿಡ್ಡಿನ ನೀರು ಇದಕ್ಕೆ ಸೇರದಿರಲಿ.

ವಿದ್ಯುತ್ತಿನಲ್ಲಿ ಮೊದಲು ಸೋಲಾರ್ ಬಿಸಿನೀರು, ಆಮೇಲೆ ಪ್ಯಾನಲ್. ಚಿಕ್ಕ ಮನೆಗೆ ಒಂದು ಕಿಲೋವ್ಯಾಟ್ ದಿನಕ್ಕೆ ನಾಲ್ಕು ಯೂನಿಟ್ ಕೊಡುತ್ತದೆ, ನೂರು ಅಡಿ ಜಾಗ ಬೇಕು. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಒಂದು ಕಿಲೋವ್ಯಾಟಿಗೆ 30,000, ಎರಡಕ್ಕೆ 60,000 ರೂಪಾಯಿ ಸಹಾಯಧನ ನಿಗದಿಯಾಗಿದೆ. ಈಗ ಹಾಕಿಸದಿದ್ದರೂ ಮೋಲ್ಡ್ ಹಾಕುವಾಗಲೇ ಮಾಳಿಗೆಯಿಂದ ಮೀಟರ್‌ವರೆಗೆ ಖಾಲಿ ಪೈಪ್ ಬಿಟ್ಟಿರಿ.

ಮನೆ ಮುಗಿದ ಮೇಲೆ ಮೊದಲ ಜೋರು ಮಳೆ ಬಂದಾಗ ಕೊಡೆ ಹಿಡಿದು ಸುತ್ತ ಒಂದು ಸಲ ಬನ್ನಿ. ಕಲ್ಲಿನ ಮಟ್ಟ ದಾಟಿ ಇಟ್ಟಿಗೆಯ ಮೇಲೆ ಎಲ್ಲೆಲ್ಲಿ ಒದ್ದೆ ಆಗಿದೆಯೋ ಅಲ್ಲಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಗುರುತು ಕೆಳಗಿದ್ದರೆ ಅದು ನೆಲದಿಂದ ಸಿಡಿದ ನೀರು, ಗೋಡೆಯ ಬುಡಕ್ಕೆ ಒಂದೂವರೆ ಅಡಿ ಅಗಲ 20 ಮಿ.ಮೀ. ಜಲ್ಲಿ ಹರಡಿ, ಹನಿ ಎಗರುವುದಿಲ್ಲ. ಗುರುತು ಕಿಟಕಿಯ ಮೂಲೆಯಿಂದ ಇಳಿದಿದ್ದರೆ ಸಜ್ಜದ ಕೆಳ ಅಂಚಿನಲ್ಲಿ ನೀರು ತುಂಡರಿಸುವ ಗೀರು ಬಿಟ್ಟಿಲ್ಲ, ಅರ್ಧ ಇಂಚು ಗೀರು ಹೊಡೆಸಿ. ಮೇಲಿಂದ ಪಟ್ಟೆಯಾಗಿ ಬಂದಿದ್ದರೆ ಮಾಳಿಗೆ ಕಟ್ಟೆಯ ತಲೆ ನೋಡಿ, ಅದರ ಇಳಿಜಾರು ಒಳಮುಖವಾಗಿರಬೇಕು.